ಸೊನ್ನೆಯೋ, ಹುಳದ ತೂತೋ

ಹಳೇ ಕಾಗದದ ಕೋಣೆಗೆ ಹೊಸದಾಗಿ ಬರುವವರು ಮೊದಲ ದಿನ ಕೇಳುವ ಪ್ರಶ್ನೆ ಒಂದೇ: 'ಇಲ್ಲಿಂದ ಯಾವಾಗ ಬಿಡ್ತಾರ್ರಿ?' ತಪ್ಪು ಅವರದಲ್ಲ. ಸಾಹೇಬರಿಗೆ ಯಾರ ಮೇಲೆ ಸಿಟ್ಟು ಬರುತ್ತದೋ ಅವರನ್ನು ತಂದು ಈ ಕೋಣೆಗೆ ತಳ್ಳುವುದು ನಮ್ಮ ಕಚೇರಿಗಳ ಪದ್ಧತಿ. ಜಿಲ್ಲೆಯ ನೆನಪು ಇರುವ ಜಾಗವನ್ನು ಜೈಲು ಮಾಡಿಟ್ಟು, ಆಮೇಲೆ ಅದೇ ಜನ ವೇದಿಕೆ ಹತ್ತಿ 'ನಮ್ಮ ಭವ್ಯ ಇತಿಹಾಸ' ಎಂದು ಭಾಷಣ ಮಾಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಿವೃತ್ತನಾದ ಮೇಲೂ ಆ ಉರಿ ಆರಿಲ್ಲ.

ಬಳ್ಳಾರಿಯ ಒಂದು ಕಚೇರಿಯಲ್ಲಿ ಆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ ಮೂವತ್ತು ವರ್ಷಕ್ಕೂ ಮೇಲಿತ್ತು. ಕಚೇರಿಯ ಹೆಸರು ಬರೆಯುವುದಿಲ್ಲ. ಮುಂದೆ ಬರುವ ಹಳ್ಳಿಯ ಹೆಸರನ್ನೂ ಬರೆಯುವುದಿಲ್ಲ, ಬರೆದರೆ ಅಲ್ಲಿ ಉಳಿದಿರುವುದಕ್ಕೂ ನಾಳೆ ಟ್ರಾಕ್ಟರ್ ಹೋದೀತು. ಬಡ್ತಿ, ಸನ್ಮಾನಗಳ ಕಥೆ ಬೇಕಾದವರು ಬೇರೆಯವರನ್ನು ಕೇಳಿ. ಇತಿಹಾಸ ಓದುವ ಮಕ್ಕಳಿಗೆ ನಾನು ಹೇಳಬೇಕಾದದ್ದು ಒಂದು ಸೊನ್ನೆಯ ವಿಷಯ.

ನನ್ನ ನಿಜವಾದ ಸಾಲೆ ಬ್ರೂಸ್‌ಪೇಟೆಯ ಒಂದು ರದ್ದಿ ಅಂಗಡಿ. ಅಲ್ಲಿ ಹಳೇ ಕಾಗದದಲ್ಲಿ ಶೇಂಗಾಕ್ಕೆ, ಬೆಲ್ಲಕ್ಕೆ ಪೊಟ್ಟಣ ಮಾಡುತ್ತಿದ್ದೆ. ಮಡಚುವ ಮೊದಲು ಓದುವುದು ನನ್ನ ಚಟ. ಕನ್ನಡ ಮನೆಯಿಂದ ಬಂತು, ತೆಲುಗು ಅಂಗಡಿಯಿಂದ ಬಂತು, ಉರ್ದು ಮಾತು ಕೌಲ್ ಬಜಾರಿನ ನಮ್ಮ ಗಲ್ಲಿಯಿಂದ. ಗಿರಾಕಿ ಯಾವ ಭಾಷೆಯಲ್ಲಿ ಸಿಟ್ಟಾಗುತ್ತಾನೋ ಅದೇ ಭಾಷೆಯಲ್ಲಿ ಚೌಕಾಶಿ ಮಾಡಬೇಕು ಎಂಬುದನ್ನು ಅಲ್ಲೇ ಕಲಿತೆ. ಆ ಪಾಠ ನನಗೆ ಸಂಶೋಧಕರ ಪದವಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಕೇಳಿದ ತಕ್ಷಣ ಯಾರೂ ಕಾಗದ ಕೊಡುವುದಿಲ್ಲ. ಕೇಳುವವನ ಕೈಯಲ್ಲಿ ಬದಲಿಗೆ ಕೊಡಲು ಏನಾದರೂ ಇರಬೇಕು.

ಕಚೇರಿಗೆ ಸೇರಿದಾಗ ಆ ಕೋಣೆಯಲ್ಲಿದ್ದ ಹಿರಿಯರು ಶ್ರೀನಿವಾಸಾಚಾರ್. ಹಣೆಗೆ ನಾಮ, ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಬೈಗುಳ. ಮೊದಲ ದಿನವೇ ಹೇಳಿದರು, "ಲೇ, ರದ್ದಿ ಅಂಗಡ್ಯಾಗ ನೀ ಕಾಗದಾ ತೂಕ ಮಾಡ್ತಿದ್ದಿ. ಇಲ್ಲಿ ಕಾಗದ ನಿನ್ನ ತೂಕ ಮಾಡ್ತದ. ತಿಳೀತೇನು?"

ತಿಳಿಯಲಿಲ್ಲ. ಅವರು ಹುಳ ತಿಂದ ಹಾಳೆಯೊಂದನ್ನು ಮುಂದಿಟ್ಟು ಓದು ಎಂದರು. ನಾನು 'ಗಡಿ' ಎಂದು ಓದಿದೆ.

"ಕಿಟಕಿಗೆ ಹಿಡಿ."

ಹಿಡಿದೆ. ಆಚೆ ಬಳ್ಳಾರಿಯ ಬಿಸಿಲು. ಹಾಳೆಯ ತುಂಬ ತೂತುಗಳು ನಕ್ಷತ್ರದ ಹಾಗೆ ಹೊಳೆದವು. ಆದರೆ 'ಗ' ಮತ್ತು 'ಡಿ' ನಡುವಿನ ಚುಕ್ಕೆ ಹೊಳೆಯಲಿಲ್ಲ.

"ಬೆಳಕು ಬಂದ್ರ ಹುಳ, ಬರಲಿಲ್ಲಂದ್ರ ಸೊನ್ನಿ," ಎಂದರು ಆಚಾರ್. "ಅದು ಗಡಿ ಅಲ್ಲೋ, ಗಂಡಿ. ಗುಡ್ಡದಾಗಿನ ದಾರಿ. ನೀ ಅದನ್ನ ಗಡಿ ಅಂತ ಬರೀತಿ, ಎರಡು ಊರು ಕೋರ್ಟಿಗೆ ಹೋಗ್ತಾವ. ಹುಳಕ್ಕ ವ್ಯಾಕರಣ ಬರೂದಿಲ್ಲ, ನಿನಗರ ಬರಬೇಕು."

ಕನ್ನಡವಾಗಲಿ ತೆಲುಗಾಗಲಿ, ಹಳೇ ಕೈಬರಹದಲ್ಲಿ ಸೊನ್ನೆ ಎಂದರೆ ಸಾಲಿನ ಮೇಲೆ ಕೂತ ಪುಟ್ಟ ಉಂಗುರ, ಮಸಿ ತುಂಬಿದರೆ ಬರೀ ಚುಕ್ಕೆ. ಹುಳವೂ ಅಷ್ಟೇ ದುಂಡಗೆ ಕೊರೆಯುತ್ತದೆ. ಇಂಥ ಕೋಣೆಗೆ ಬರುವವರು ಕಲಿಯಬೇಕಾದ ಮೊದಲ ವಿದ್ಯೆ ಇದು. ನಾನು ಅದನ್ನು ಮೊದಲ ದಿನ ಕಲಿತೆ, ಬೇಕಾದ ದಿನ ಮರೆತೆ.

ಆ ಮರೆವಿನ ಬುಡ ಕುರುಗೋಡಿನಲ್ಲಿದೆ. ಅಲ್ಲಿ ಸೀತಮ್ಮ ಎಂಬ ಅಜ್ಜಿಯ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಕಾಗದವಿದೆ ಎಂದು ಸುದ್ದಿ ಬಂತು. ಆಕೆಯ ಮಾವ ಹಿಂದೆ ಸಿರುಗುಪ್ಪ ಕಡೆಯ ಹಳ್ಳಿಯೊಂದರ ಕರಣಂ, ಎಂದರೆ ಊರಿನ ಲೆಕ್ಕ ಬರೆಯುವವರು. ಕೆಲಸ ಹೋದ ಮೇಲೆ ಮನೆಯವರೆಲ್ಲ ಕುರುಗೋಡಿಗೆ ಬಂದು ನೆಲೆಸಿದ್ದರು. ಆಚಾರ್ ಮತ್ತು ನಾನು ಹೋದಾಗ ಆ ಪೆಟ್ಟಿಗೆಯ ಮೇಲೆ ಐದು ಉಪ್ಪಿನಕಾಯಿ ಭರಣಿಗಳು ಕೂತಿದ್ದವು.

"ಇದನ್ನ ಕೊಟ್ರ ನನ್ನ ಭರಣಿ ಎಲ್ಲಿ ಇಡ್ಲಿ? ನಿಮ್ಮ ಸಾಹೇಬ್ರ ತಲಿ ಮ್ಯಾಲೆ ಇಡ್ಲೇನು?" ಎಂದರು ಸೀತಮ್ಮ.

"ಅಮ್ಮಾರ, ಪೆಟ್ಟಿಗಿ ನಿಮಗೇ ಇರ್ಲಿ. ಒಳಗಿನ ಕಾಗದಷ್ಟೇ ಕೊಡ್ರಿ," ಎಂದೆ.

"ಒಳಗ ಖಾಲಿ ಆದ್ರ ಪೆಟ್ಟಿಗಿ ಕುಸೀತದಪಾ. ಅದು ನಿಂತದ್ದೇ ಕಾಗದದ ಮ್ಯಾಲೆ."

ಆಚಾರ್ ಸಂಸ್ಕೃತಿ, ಪರಂಪರೆ ಎಂದು ಶುರು ಮಾಡಿದರು. ನಾನು ಅವರ ಪಂಚೆ ಜಗ್ಗಿ ಸುಮ್ಮನಿರಿಸಿ, ದಾರ ತಗೊಂಡು ಪೆಟ್ಟಿಗೆಯ ಎತ್ತರ, ಅಗಲ ಅಳೆದೆ. ವಾರದ ಮೇಲೆ ಕೌಲ್ ಬಜಾರಿನ ಬಡಿಗೇರನ ಕೈಯಿಂದ ಅದೇ ಅಳತೆಯ ಬೇವಿನ ಮಣೆ ಮಾಡಿಸಿಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿ ಒಯ್ದೆ. ಸೀತಮ್ಮ ಐದೂ ಭರಣಿ ಇಟ್ಟು, ಕೈಯಿಂದ ಅಲ್ಲಾಡಿಸಿ ನೋಡಿ, ಒಪ್ಪಿದರು. ಮಾತಿನ ಇತಿಹಾಸಕ್ಕೆ ಸಿಗದ್ದು ಮರದ ಮಣೆಗೆ ಸಿಕ್ಕಿತು.

ಕಾಗದ ಕಟ್ಟಿಕೊಳ್ಳುವಾಗ ಆಕೆ ಒಂದು ಮಾತು ಹೇಳಿದರು: "ನಮ್ಮ ಮಾವನೋರ ಕೈಬರಹ ಅವು. ಹುಳ ತಿಂದಿರಬಹುದು. ಆದ್ರ ಅವ್ರು ಸುಳ್ಳು ಬರದಿಲ್ಲ."

ಆ ಕಟ್ಟಿನಲ್ಲಿ ಆ ಹಳ್ಳಿಯ ಅಡಂಗಲ್ ಇತ್ತು. ಯಾವ ಸರ್ವೆ ನಂಬರಿನಲ್ಲಿ ಹೊಲ, ಯಾವುದರಲ್ಲಿ ಬಾವಿ, ಯಾವುದರಲ್ಲಿ ಗುಡ್ಡ ಎಂದು ಬರೆದಿಡುವ ಪುಸ್ತಕ ಅದು. ಇದು ತೆಲುಗಿನಲ್ಲಿತ್ತು. ಅದನ್ನು ಕೆಂಪು ರುಮಾಲಿನಲ್ಲಿ ಕಟ್ಟಿ, ಬಟ್ಟೆಯ ಮೇಲೆ ಮಸಿಯಿಂದ ಊರ ಹೆಸರು ಬರೆದು ಕಪಾಟಿಗೇರಿಸಿದೆವು. ನಮ್ಮ ಎಲ್ಲ ಕಟ್ಟುಗಳಿಗೂ ಹಾಗೆಯೇ: ಬಟ್ಟೆಯೇ ವಿಳಾಸ.

ಆಚಾರ್ ನಿವೃತ್ತರಾದ ಮೇಲೆ ಒಬ್ಬ ಸಾಹೇಬರು ಬಂದರು. ಮೇಲಿನವರ ತಪಾಸಣೆ ಇತ್ತು. ಕೋಣೆಗೆ ಬಂದು ಮೂಗು ಮುಚ್ಚಿಕೊಂಡು, "ಎಷ್ಟು ಗಲೀಜು ಬಟ್ಟೆ. ಎಲ್ಲ ಒಗೆಸಿ," ಎಂದು ಹೇಳಿ ಹೋದರು. ಬೇಡ ಎನ್ನುವುದರೊಳಗೆ, ನಾನು ರಜೆಯಲ್ಲಿದ್ದ ಎರಡು ದಿನದಲ್ಲಿ, ಇಡೀ ಕಪಾಟಿನ ರುಮಾಲುಗಳು ಅಗಸರ ಮನೆಗೆ ಹೋಗಿ ಬಂದವು. ಘಮಘಮ ಸೋಪಿನ ವಾಸನೆ. ಒಂದರ ಮೇಲೂ ಹೆಸರಿಲ್ಲ. ನೂರಾರು ಹಳ್ಳಿಗಳ ವಿಳಾಸ ತೊಳೆದುಹೋಗಿತ್ತು.

"ಸರ್, ಊರೆಲ್ಲ ಅಳಿಸಿ ಹೋದ್ವಲ್ರಿ," ಎಂದೆ.

"ಹಾಗಾದ್ರೆ ಹೊಸ ಸೂಚಿ ಮಾಡಿ. ತಪಾಸಣೆಗೆ ಮುಂಚೆ ಮುಗಿಸಿ," ಎಂದರು, ಚಹಾ ಹೀರುತ್ತ. ಅವರ ಮೇಲೆ ಯಾರೂ ಕ್ರಮ ತೆಗೆದುಕೊಳ್ಳಲಿಲ್ಲ. ಕಪಾಟು ಸ್ವಚ್ಛವಾಗಿದೆ ಎಂದು ತಪಾಸಣೆಯಲ್ಲಿ ಹೊಗಳಿಕೆ ಬಂತು.

ಸೂಚಿ ಮಾಡಲು ಕೂತವನು ನಾನೊಬ್ಬನೇ. ಕಟ್ಟು ಬಿಚ್ಚು, ಊರು ಗುರುತಿಸು, ಮುಖ್ಯ ವಿವರ ಕನ್ನಡದಲ್ಲಿ ಬರೆ, ಕಟ್ಟು. ಕರಣಂರ ಅಡಂಗಲ್ ಬಂದಾಗ ನಾನು ಆಗಲೇ ಕುದುರೆಯ ಮೇಲಿದ್ದೆ. ಒಂದು ಸರ್ವೆ ನಂಬರಿನ ಮುಂದೆ ತೆಲುಗಿನಲ್ಲಿ 'ಪೆ', ಆಮೇಲೆ ಒಂದು ಚುಕ್ಕೆ, ಆಮೇಲೆ 'ಟ', ಆಮೇಲೆ 'ದಿಬ್ಬ'. ಪುಟದ ತುಂಬ ಹುಳದ ತೂತು. ಸೊನ್ನೆ ಎಂದು ಓದಿದರೆ ಪೆಂಟದಿಬ್ಬ. ತೆಲುಗಿನಲ್ಲಿ ಪೆಂಟ ಎಂದರೆ ಸಗಣಿ, ಗೊಬ್ಬರ. ಪೆಂಟದಿಬ್ಬ ಎಂದರೆ ನಮ್ಮ ತಿಪ್ಪೆ. ನನ್ನ ವ್ಯವಹಾರ ಬುದ್ಧಿ ಹೇಳಿತು: ತಿಪ್ಪೆ ವರ್ಷಕ್ಕೊಮ್ಮೆ ಹೊಲಕ್ಕೆ ಹೋಗುತ್ತದೆ, ಅದಕ್ಕೆ ಯಾರು ಸರ್ವೆ ನಂಬರು ಕೊಡುತ್ತಾರೆ? ಚುಕ್ಕೆ ಹುಳದ್ದೇ. ಹಳೇ ಬರಹದಲ್ಲಿ ದೀರ್ಘ ಬಿಟ್ಟು ಬರೆಯುವುದೂ ಉಂಟು. ಹಾಗಾದರೆ ಅದು ಪೇಟ. 'ಪೇಟೆ ದಿಬ್ಬ' ಎಂದು ಬರೆದೆ.

ಕಿಟಕಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಲಿಲ್ಲ.

ತಪ್ಪು ಅಲ್ಲಿಗೆ ನಿಂತಿದ್ದರೆ ಸರಿ. ನಾನು ಅದಕ್ಕೆ ಬಟ್ಟೆ ತೊಡಿಸಿದೆ. ಯಾರಾದರೂ ಮಾಸ್ತರರು ಬಂದರೆ, "ಸಿರುಗುಪ್ಪ ಕಡಿ ಒಂದು ದಿಬ್ಬ ಐತ್ರಿ, ಹಂಪಿ ಕಾಲಕ್ಕ ಅಲ್ಲಿ ದೊಡ್ಡ ಪ್ಯಾಟಿ ಇತ್ತು," ಎಂದು ಹೇಳತೊಡಗಿದೆ. ಅವರು ಬರೆದುಕೊಂಡರು. ಅವರದ್ದನ್ನು ನೋಡಿ ಇನ್ನೊಬ್ಬರು ಬರೆದರು. ಕೊನೆಗೆ ಆ ಹಳ್ಳಿಯವರೇ ದಿಬ್ಬದ ಮುಂದೆ 'ಪುರಾತನ ಪೇಟೆಯ ಸ್ಥಳ' ಎಂದು ಬೋರ್ಡು ನಿಲ್ಲಿಸಿದರು. ಪುರಾಣ ಹೇಗೆ ಹುಟ್ಟುತ್ತದೆ ಎಂದು ಇತಿಹಾಸದ ವಿದ್ಯಾರ್ಥಿಗಳು ದೊಡ್ಡ ದೊಡ್ಡ ಪ್ರಬಂಧ ಬರೆಯುತ್ತಾರೆ. ಇಗೋ ಹೀಗೆ: ಒಬ್ಬ ಗುಮಾಸ್ತ ಕುರ್ಚಿಯಿಂದ ಏಳದಿದ್ದರೆ ಸಾಕು.

ನನ್ನ ನಿವೃತ್ತಿ ಹತ್ತಿರವಾದಾಗ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡುವವರು ಬಂದರು. ಒಳ್ಳೆಯದೇ, ನಾನು ಯಂತ್ರದ ವೈರಿಯಲ್ಲ. ಆದರೆ ಸ್ಕ್ಯಾನ್ ಮುಗಿದ ಕಟ್ಟುಗಳನ್ನು ವರಾಂಡದ ಮೂಲೆಗೆ ಒಗೆದು, "ಇನ್ನ ಇವೆಲ್ಲ ರದ್ದಿ," ಎಂದರು. ರದ್ದಿ ಎಂಬ ಶಬ್ದದ ಅರ್ಥ ಆ ಕಟ್ಟಡದಲ್ಲಿ ನನ್ನಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಅದೇ ದಿನಗಳಲ್ಲಿ ಕಾಲೇಜಿನ ಇತಿಹಾಸದ ಮಕ್ಕಳು ಬಂದರು. ಊರೂರಿನ ದಂತಕಥೆಗಳನ್ನು ಹಳೇ ದಾಖಲೆಗಳ ಜೊತೆ ಹೋಲಿಸಿ ಬರೆಯುವುದು ಅವರ ಕೆಲಸ. ಹೆಚ್ಚಿನವರು ನನ್ನ ಸೂಚಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ತೆಕ್ಕಲಕೋಟೆಯ ರೇಣುಕಾ ಎಂಬ ಹುಡುಗಿ ಮಾತ್ರ ಹೋಗಲಿಲ್ಲ.

"ಸರ್, ಈ ಪ್ಯಾಟಿ ದಿಬ್ಬ ನಮ್ಮ ಅವ್ವನ ತವರೂರಾಗ ಐತ್ರಿ. ಬೋರ್ಡು ಐತಿ, ಆದ್ರ ಅಲ್ಲಿ ಹಳಬ್ರು ಯಾರೂ ಅದಕ್ಕ ಪ್ಯಾಟಿ ಅನ್ನಂಗಿಲ್ರಿ. ನಮ್ಮಜ್ಜಿ ಪೆಂಟದಿಬ್ಬ ಅಂತಾಳ. ರಾಕ್ಷಸನ್ನ ಸುಟ್ಟ ಬೂದಿ ಅಂತ ಕತಿನೂ ಹೇಳ್ತಾಳ."

ನನಗೆ ಸಿಟ್ಟು ಬಂತು. "ಕಾಗದ ದೊಡ್ಡದೇನಮ್ಮಾ, ನಿಮ್ಮಜ್ಜಿ ದೊಡ್ಡಾಕಿನೋ?"

"ಕಾಗದ ಬರದೋರೂ ಯಾರ್ದರ ಅಜ್ಜಿನ್ನ ಕೇಳೇ ಬರದಿರ್ತಾರಲ್ರಿ," ಎಂದಳು. ತಲೆ ಎತ್ತಿರಲಿಲ್ಲ, ಆದರೆ ಮಾತು ಇಳಿಸಿರಲೂ ಇಲ್ಲ.

ಆಮೇಲೆ ಅವಳೇ ವಿಷಯ ಬಿಡಿಸಿದಳು. ನಮ್ಮ ಸೀಮೆಯಲ್ಲಿ ಇಂಥ ಬೂದಿದಿಬ್ಬಗಳು ಬೇರೆ ಕಡೆಯೂ ಇವೆ. ಕಲ್ಲಿನ ಕೊಡಲಿ ಹಿಡಿದು ದನ ಮೇಯಿಸುತ್ತಿದ್ದ ಕಾಲದ ಜನ ಸಗಣಿ ಒಟ್ಟಿ, ಮತ್ತೆ ಮತ್ತೆ ಸುಟ್ಟು ಆದ ಗುಡ್ಡೆಗಳು ಅವು ಎಂದು ಅವರ ಮೇಡಂ ಪಾಠ ಮಾಡಿದ್ದರಂತೆ. "ರಾಕ್ಷಸನ ಕತಿಯೊಳಗೂ ಸುಟ್ಟಿದ್ದು ಐತಿ, ಬೂದಿ ಐತಿ. ನಿಮ್ಮ ಪ್ಯಾಟಿಯೊಳಗ ಏನೂ ಇಲ್ರಿ. ಮತ್ತ ಸರ್, ಜಲ್ದಿ ನೋಡಬೇಕ್ರಿ. ಅಲ್ಲಿ ಅಂಗಡಿ ಕಟ್ಟಾಕ ದಿಬ್ಬ ಕಡಿಯಾಕ ಹತ್ಯಾರ. ಹಿಂದಕ ಪ್ಯಾಟಿ ಇತ್ತು, ಈಗೂ ಪ್ಯಾಟಿ ಮಾಡ್ತೀವಿ ಅಂತ ಇಲ್ಲಿಂದ ಒಯ್ದ ನಕಲು ತೋರಸ್ತಾರ."

ಇಲ್ಲಿಂದ ಒಯ್ದ ನಕಲು. ನನ್ನ ಸೂಚಿಯ ನಕಲು, ನನ್ನ ಅಕ್ಷರ.

ಕಂಪ್ಯೂಟರಿನಲ್ಲಿ ಆ ಪುಟ ತೆಗೆದೆವು. ಪರದೆಯ ಮೇಲೆ ಎಲ್ಲ ತೂತುಗಳೂ ಕಪ್ಪು ಚುಕ್ಕೆಗಳಾಗಿದ್ದವು. 'ಪೆ' ಮುಂದಿನದ್ದೂ ಕಪ್ಪು ಚುಕ್ಕೆ. ದೊಡ್ಡದು ಮಾಡಿದರೆ ದೊಡ್ಡ ಕಪ್ಪು ಚುಕ್ಕೆ.

ವರಾಂಡದ ರಾಶಿಗೆ ಹೋದೆವು. ಇಬ್ಬರೂ ಧೂಳು ತಿನ್ನುತ್ತ ಕಟ್ಟುಗಳನ್ನು ಎಳೆದೆವು. ಅಡಂಗಲ್ ಸಿಕ್ಕಾಗ ನಾನು ಅದನ್ನು ಅವಳ ಕೈಗೆ ಕೊಟ್ಟೆ. ನನ್ನ ಓದಿನ ಮೇಲೆ ನನಗೇ ನಂಬಿಕೆಯಿರಲಿಲ್ಲ. "ಕಿಟಕಿಗೆ ಹಿಡಿಯವ್ವಾ," ಎಂದೆ.

ಹಿಡಿದಳು. ಪುಟದ ತುಂಬ ಬೆಳಕು ಚೆಲ್ಲಿತು. 'ಪೆ' ಮತ್ತು 'ಟ' ನಡುವೆ ಬರಲಿಲ್ಲ.

ನನಗೆ ಕೇಳಿದ್ದು ಸೀತಮ್ಮನ ದನಿ. ಅವರ ಮಾವ ಸುಳ್ಳು ಬರೆದಿರಲಿಲ್ಲ. ನಾನು ಬರೆಸಿದ್ದೆ.

ಆಗಿನ ಸಾಹೇಬರ ಹತ್ತಿರ ಹೋದೆ. ಈತ ಕೆಟ್ಟವನಲ್ಲ, ಸುಮ್ಮನೆ ಕಾಲ ತಳ್ಳುವವನು. ಅಂಥವರಿಂದ ಆಗಿರುವ ಹಾಳು ಕೆಟ್ಟವರಿಂದ ಆಗಿಲ್ಲ.

"ನೀವು ರಿಟೈರ್ ಆಗೋಕೆ ಮೂರು ತಿಂಗಳಿದೆ. ಯಾಕ್ರೀ ಇಲ್ಲದ್ದನ್ನ ಮೈಮೇಲೆ ಎಳ್ಕೋತೀರಾ? ಒಂದು ಸೊನ್ನೆಗೆ ಇಷ್ಟು ರಾದ್ಧಾಂತನಾ?"

"ಎರಡು ಕೆಲ್ಸ ಮಾಡಿಕೊಡ್ರಿ ಸರ್. ಸೂಚಿಗೆ ತಿದ್ದುಪಡಿ ಹಾಕಿ, ದಿಬ್ಬ ಕಡಿಯಾದು ನಿಲ್ಲಸಾಕ ಇವತ್ತೇ ಕಳಿಸ್ರಿ. ಮತ್ತ ವರಾಂಡದಾಗಿನ ಮೂಲ ಕಾಗದ ರದ್ದಿಗೆ ಹಾಕಬ್ಯಾಡ್ರಿ."

"ರದ್ದಿಗೆ ಆರ್ಡರ್ ಆಗಿದೆ. ಅದು ನನ್ನ ಕೈಲಿಲ್ಲ. ತಿದ್ದುಪಡಿ ಬೇಕಾದ್ರೆ ಬರ್ಕೊಂಡು ಬನ್ನಿ, ತಪ್ಪು ಯಾರದು ಅಂತ ನಿಮ್ಮ ಹೆಸರು ಹಾಕಿ. ಒಂದು ತಗೊಳ್ಳಿ, ಒಂದು ಬಿಡಿ."

ಬ್ರೂಸ್‌ಪೇಟೆಯಲ್ಲಿ ಕಲಿತವನಿಗೆ ಈ ಮಾತು ಹೇಳಬಾರದು. ಸರಿ ಎಂದು ಬಂದು ಕೂತು ಬರೆದೆ: ಈ ಸರ್ವೆ ನಂಬರಿನಲ್ಲಿ 'ಪೇಟೆ ದಿಬ್ಬ' ಎಂದಿರುವುದು ತಪ್ಪು, 'ಪೆಂಟದಿಬ್ಬ' ಎಂದು ಓದತಕ್ಕದ್ದು. ಮೂಲ ಪುಟವನ್ನು ಬೆಳಕಿಗೆ ಹಿಡಿದು ಖಚಿತಪಡಿಸಿಕೊಳ್ಳತಕ್ಕದ್ದು; ಸ್ಕ್ಯಾನ್ ಪ್ರತಿಯಿಂದ ಇದು ಸಾಧ್ಯವಿಲ್ಲವಾದ್ದರಿಂದ ಮೂಲವನ್ನು ಈ ತಿದ್ದುಪಡಿಯ ಆಧಾರವಾಗಿ ಕಾಯ್ದಿಡತಕ್ಕದ್ದು. ತಪ್ಪು ನನ್ನದು. ಕೆಳಗೆ ಪೂರ್ತಿ ಹೆಸರು, ಸಹಿ.

ಸಾಹೇಬರು ಕೊನೆಯ ಸಾಲು ಮಾತ್ರ ಓದಿದರು. ತಪ್ಪು ನನ್ನದು ಎಂದು ಇದೆಯೇ, ಇದೆ. ಸಹಿ ಮಾಡಿ ಸೀಲು ಹಾಕಿದರು. ಆ ಅಡಂಗಲ್ ಈಗ ಯಾವ ಸಾಹೇಬರೂ ರದ್ದಿಗೆ ಹಾಕುವಂತಿಲ್ಲ, ಸರಕಾರಿ ಸೀಲಿನ ಕಾಗದವೇ ಅದನ್ನು ಹಿಡಿದುಕೊಂಡಿದೆ. ಅಷ್ಟೇ ಗೆದ್ದದ್ದು. ಉಳಿದ ಕಟ್ಟುಗಳಿಗೂ ಒಂದೊಂದು ತಪ್ಪು ಹುಡುಕಿ ತಿದ್ದುಪಡಿ ಬರೆಯೋಣ ಎಂದು ರೇಣುಕಾ ಮತ್ತು ಅವಳ ಗೆಳತಿಯರು ಒಂದು ವಾರ ಕೂತರು. ಹನ್ನೊಂದು ಕಟ್ಟು ಉಳಿಸಿದರು. ಮಿಕ್ಕದ್ದನ್ನು ಲಾರಿ ಒಯ್ದಿತು. ಎಷ್ಟು ಊರುಗಳ ಸೊನ್ನೆ ಅದರಲ್ಲಿ ಹೋಯಿತೋ, ಇನ್ನು ಹೇಳುವವರಿಲ್ಲ. ಇದಕ್ಕೆ ಯಾರಿಗೂ ನಾಚಿಕೆಯಾಗಿಲ್ಲ. ಅದಕ್ಕೇ ಈ ಬರಹದಲ್ಲಿ ನನ್ನ ದನಿ ಏರಿದೆ, ಇಳಿಸುವುದೂ ಇಲ್ಲ.

ಈ ಕೆಲಸಕ್ಕೆ ಬರುವವರೇ, ಸೂಚಿಯನ್ನು ನಂಬಬೇಡಿ, ನನ್ನಂಥವರು ಮಾಡಿದ್ದು. ಸ್ಕ್ಯಾನನ್ನು ದಾರಿ ತೋರಿಸಲು ಇಟ್ಟುಕೊಳ್ಳಿ, ಸಾಕ್ಷಿ ಹೇಳಲು ಮೂಲವನ್ನೇ ಕರೆಯಿರಿ. ಊರಿನ ಮುದುಕಿ ರಾಕ್ಷಸ ಎಂದರೆ ನಗಬೇಡಿ, ರಾಕ್ಷಸನನ್ನು ಬಿಟ್ಟು ಉಳಿದದ್ದನ್ನು ಬರೆದುಕೊಳ್ಳಿ. ಒಂದು ತಗೋ ಒಂದು ಬಿಡು ಎನ್ನುವ ಸಾಹೇಬರ ಮುಂದೆ ಜಗಳ ಬೇಡ. ಬಿಟ್ಟದ್ದನ್ನು ತಗೊಂಡದ್ದರ ಹೊಟ್ಟೆಯಲ್ಲಿ ಇಟ್ಟು ತನ್ನಿ.

ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ರೇಣುಕಾ ನನ್ನನ್ನು ಆ ಹಳ್ಳಿಗೆ ಕರೆದುಕೊಂಡು ಹೋದಳು. ತಿದ್ದುಪಡಿ ಮುಟ್ಟುವುದರೊಳಗೆ ಅರ್ಧ ದಿಬ್ಬ ಹೋಗಿತ್ತು. ಉಳಿದರ್ಧದ ಕಡಿದ ಮೈಯಲ್ಲಿ ಬೂದಿಯ ಪದರಗಳು ಕಾಣುತ್ತಿದ್ದವು, ಬಿಳಿ, ಬೂದು, ಮತ್ತೆ ಬಿಳಿ, ಮೊಣಕಾಲಿನಿಂದ ತಲೆಯ ಮೇಲಿನವರೆಗೆ. ನನ್ನ ಬೋರ್ಡು ಇನ್ನೂ ನಿಂತಿತ್ತು. ಅವಳ ಅಜ್ಜಿ ಹುಲಿಗೆಮ್ಮ ಅದರ ನೆರಳಿನಲ್ಲೇ ಕೂತು ನಮ್ಮನ್ನು ಕಾಯುತ್ತಿದ್ದರು.

"ಪ್ಯಾಟಿ ಅಂತ ಬರದೋರು ಇವ್ರೇ ಏನು?" ಎಂದು ಮೊಮ್ಮಗಳನ್ನು ಕೇಳಿದರು.

"ಹೂನಬೇ. ಆದ್ರ ತಿದ್ದಿದೋರೂ ಇವ್ರೇ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ತಿಪ್ಪಿಗೆ ತಿಪ್ಪಿ ಅನ್ನಾಕ ಇಷ್ಟು ಓದಬೇಕಾತೇನಪಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ದಿಬ್ಬ ಇದ್ದ ಕಡೆಯ ಬಯಲಿಗೆ ಕೈ ತೋರಿಸಿದರು.

"ಕಾಗದಾನ ಕಿಟಕಿಗೆ ಹಿಡದು ನೋಡಿದ್ರಂತ, ಹುಡುಗಿ ಹೇಳ್ಯಾಳ. ಚೊಲೊ ಆತು. ಇದನ್ನ ಯಾವ ಕಿಟಕಿಗೆ ಹಿಡೀತಿ?"

ಅಲ್ಲಿ ತುಂಬ ಬೆಳಕಿತ್ತು. ಹುಳದ ತೂತಿನಲ್ಲಿ ಬರುವ ಹಾಗೆ, ಯಾವ ತಡೆಯೂ ಇಲ್ಲದೆ ಬರುತ್ತಿತ್ತು.